ಮಾತಿಲ್ಲದ ನೋವನ್ನು ಓದಲು ಕಲಿಸಿದ ಫ್ಲಾರೆನ್ಸ್ ನೈಟಿಂಗೇಲ್

ಮಕ್ಕಳೇ, ನಿಮ್ಮ ಮನೆಯಲ್ಲಿ ಹಾಲು ಕುಡಿಯುವ ಕೂಸು ಇದೆಯೇ? ಇದ್ದರೆ, ಒಂದು ರಾತ್ರಿಯಾದರೂ ಅದು ಎಡೆಬಿಡದೆ ಅತ್ತದ್ದನ್ನು ನೀವು ಕೇಳಿರುತ್ತೀರಿ. ಅವ್ವ ಹೊಟ್ಟೆನೋವು ಎನ್ನುತ್ತಾಳೆ. ಅಜ್ಜಿ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾಳೆ. ಅಪ್ಪ ಹಸಿವೆ ಇರಬೇಕು ಎನ್ನುತ್ತಾನೆ. ಕೂಸಿಗೆ ಮಾತ್ರ ಮಾತು ಬಾರದು. ಕಿವಿಯೊಳಗೆ ಕೀವಾಗಿದ್ದರೂ ಅದು ಅಳುತ್ತದೆ, ಅಂಗಿಯ ದಾರ ಕಾಲ್ಬೆರಳಿಗೆ ಬಿಗಿದುಕೊಂಡಿದ್ದರೂ ಅಳುತ್ತದೆ. ಹಾಗಾದರೆ ನೋವು ಎಲ್ಲಿದೆ, ಎಷ್ಟಿದೆ ಎಂದು ತಿಳಿಯುವುದು ಹೇಗೆ?

ಆಸ್ಪತ್ರೆಯ ದಾದಿಯರು ದಿನವೂ ಬಿಡಿಸುವ ಲೆಕ್ಕ ಇದು. ಈ ಲೆಕ್ಕಕ್ಕೆ ಇಂದು ಅವರ ಕೈಯಲ್ಲಿ ಒಳ್ಳೆಯ ಅಳತೆಗೋಲುಗಳಿವೆ. ಆದರೆ ಅಳತೆಗೋಲು ಹುಟ್ಟುವುದಕ್ಕೆ ಬಹಳ ಮೊದಲೇ, ರೋಗಿಯನ್ನು ನೋಡು, ಎಣಿಸು, ಬರೆದಿಡು ಎಂದು ದಾದಿಯರಿಗೆ ಪಾಠ ಹಾಕಿಕೊಟ್ಟ ಒಬ್ಬ ಮಹಿಳೆ ಇದ್ದರು. ಅವರ ಹೆಸರನ್ನು ನೀವು ಪಾಠದಲ್ಲಿ ಓದಿರಬಹುದು, ಕೈಯಲ್ಲಿ ದೀಪ ಹಿಡಿದ ಚಿತ್ರವನ್ನೂ ನೋಡಿರಬಹುದು. ದೀಪದ ಕಥೆ ಎಲ್ಲರಿಗೂ ಗೊತ್ತು. ನೋವಿನ ಕಥೆ ಅಷ್ಟಾಗಿ ಗೊತ್ತಿಲ್ಲ.

ನಾಯಿಯ ಕಾಲು

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆತಾಯಿ ಇಂಗ್ಲೆಂಡಿನ ಶ್ರೀಮಂತರು, ಆಗ ಪ್ರವಾಸದಲ್ಲಿದ್ದರು. ಹುಟ್ಟಿದ ಊರಿನ ಹೆಸರನ್ನೇ ಮಗಳಿಗೆ ಇಟ್ಟರು. ಅಕ್ಕ ಹುಟ್ಟಿದ್ದು ನೇಪಲ್ಸ್‌ನಲ್ಲಿ. ಆ ಊರಿನ ಹಳೆಯ ಗ್ರೀಕ್ ಹೆಸರು ಪಾರ್ಥೆನೋಪ್, ಅದೇ ಅಕ್ಕನ ಹೆಸರಾಯಿತು! ನಮ್ಮಲ್ಲಿ ಊರಿನ ಹೆಸರು ಅಡ್ಡಹೆಸರಾಗುತ್ತದೆ, ಅವರ ಮನೆಯಲ್ಲಿ ಮಗುವಿನ ಹೆಸರೇ ಆಯಿತು.

ಆಗ ಇಂಗ್ಲೆಂಡಿನಲ್ಲೂ ಹೆಣ್ಣುಮಕ್ಕಳಿಗೆ ಶಾಲೆಯ ವಿದ್ಯೆ ಕಡಿಮೆ. ತಂದೆ ವಿಲಿಯಂ ಅವರೇ ಮನೆಯಲ್ಲಿ ಇಬ್ಬರಿಗೂ ಲ್ಯಾಟಿನ್, ಗ್ರೀಕ್, ಇತಿಹಾಸ ಕಲಿಸಿದರು. ಫ್ಲಾರೆನ್ಸ್‌ಗೆ ಗಣಿತ ಎಂದರೆ ಬಲು ಇಷ್ಟ. ಕಂಡದ್ದನ್ನು ಎಣಿಸುವುದು, ಪಟ್ಟಿ ಮಾಡುವುದು ಅವಳ ಚಟ.

ಅವಳ ಹದಿನೇಳನೆಯ ವಯಸ್ಸಿನ ಒಂದು ಘಟನೆಯನ್ನು ಜೀವನಚರಿತ್ರೆಗಳು ಹೇಳುತ್ತವೆ. ಊರಿನ ಕುರುಬ ರೋಜರ್ ಎಂಬಾತನ ನಾಯಿಗೆ ಹುಡುಗರು ಕಲ್ಲು ಹೊಡೆದಿದ್ದರು. ನಾಯಿ ಕಾಲು ಊರಲಾರದೆ ಬಿದ್ದಿತ್ತು. ಕಾಲು ಮುರಿದಿದೆ, ಇನ್ನು ಇದು ಕುರಿ ಕಾಯಲಾರದು, ಸುಮ್ಮನೆ ನರಳುವುದು ಬೇಡ ಎಂದು ಆತ ಅದನ್ನು ಕೊಲ್ಲಲು ನಿಶ್ಚಯಿಸಿದ್ದ. ಫ್ಲಾರೆನ್ಸ್ ಊರಿನ ಪಾದ್ರಿಯವರೊಂದಿಗೆ ಅಲ್ಲಿಗೆ ಹೋದಳು. ಕಾಲನ್ನು ಮೆಲ್ಲಗೆ ಮುಟ್ಟಿ ನೋಡಿದರು. ಮೂಳೆ ಮುರಿದಿರಲಿಲ್ಲ, ಬಲವಾದ ಪೆಟ್ಟಿನಿಂದ ಊದಿತ್ತು ಅಷ್ಟೆ. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಮತ್ತೆ ಮತ್ತೆ ಶಾಖ ಕೊಟ್ಟಳು. ನಾಯಿ ಚೇತರಿಸಿಕೊಂಡಿತು. ಅದರ ಹೆಸರು ಕ್ಯಾಪ್.

ಈ ಕಥೆಯನ್ನು ಸಾಮಾನ್ಯವಾಗಿ ಪ್ರಾಣಿದಯೆಯ ಉದಾಹರಣೆಯಾಗಿ ಹೇಳುತ್ತಾರೆ. ವಿಜ್ಞಾನದ ಶಿಕ್ಷಕನಾದ ನನಗೆ ಅದರಲ್ಲಿ ಬೇರೊಂದು ಅಂಶ ಮುಖ್ಯವಾಗಿ ಕಾಣುತ್ತದೆ. ನಾಯಿ ಮಾತಾಡಲಾರದು. ಕುರುಬ ನೋವನ್ನು ಕಂಡ, ಆದರೆ ಊಹೆಯಿಂದ ತೀರ್ಮಾನ ಮಾಡಿದ. ಆ ಹುಡುಗಿ ಮುಟ್ಟಿ ಪರೀಕ್ಷಿಸಿದಳು. ಒಂದು ಜೀವ ಉಳಿದದ್ದು ಈ ವ್ಯತ್ಯಾಸದಿಂದ.

ದಾದಿಯಾಗಲು ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಆ ಕಾಲದ ಆಸ್ಪತ್ರೆಗಳು ಕೊಳಕು, ದಾದಿಯರಿಗೆ ತರಬೇತಿಯೂ ಇಲ್ಲ, ಗೌರವವೂ ಇಲ್ಲ. ಒಳ್ಳೆಯ ಮನೆತನದ ಹುಡುಗಿ ಅಲ್ಲಿ ಕಾಲಿಡಬಾರದೆಂಬ ಕಟ್ಟಳೆ. ಸುಮಾರು 14 ವರ್ಷ ಈ ಜಗ್ಗಾಟ ನಡೆಯಿತು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಮೂರು ತಿಂಗಳು ಕಲಿತರು. 1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯ ಒಂದು ಸಣ್ಣ ಮಹಿಳಾ ಆಸ್ಪತ್ರೆಯ ಮೇಲ್ವಿಚಾರಕಿಯಾದರು. ಅಲ್ಲಿ ಅವರು ಕೇಳಿದ್ದು ಎರಡು ಸರಳ ಅನುಕೂಲಗಳು: ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು ಬರಬೇಕು, ಪ್ರತಿ ರೋಗಿಯ ಕೈಗೆ ಗಂಟೆ ಎಟುಕಬೇಕು. ಗಂಟೆ ಏಕೆ ಎಂದು ಯೋಚಿಸಿ ನೋಡಿ. ನೋವಿರುವವರು ಕರೆದಾಗ ಕೇಳಿಸಬೇಕಲ್ಲವೇ!

ಯುದ್ಧದ ಆಸ್ಪತ್ರೆ

1854ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್, ತುರ್ಕರ ಜೊತೆ ಸೇರಿ ರಷ್ಯದ ಮೇಲೆ ಯುದ್ಧಕ್ಕಿಳಿದವು. ಇದೇ ಕ್ರಿಮಿಯನ್ ಯುದ್ಧ. ಗಾಯಗೊಂಡ ಸೈನಿಕರನ್ನು ಹಡಗಿನಲ್ಲಿ ಇಸ್ತಾಂಬುಲ್ ಎದುರಿನ ಸ್ಕುಟರಿ ಎಂಬಲ್ಲಿಗೆ ತಂದು ಹಾಕುತ್ತಿದ್ದರು. ಅಲ್ಲಿದ್ದದ್ದು ಸೈನಿಕರ ಹಳೆಯ ವಸತಿಕಟ್ಟಡ, ಅದನ್ನೇ ಆಸ್ಪತ್ರೆ ಮಾಡಿದ್ದರು. 38 ದಾದಿಯರನ್ನು ಕರೆದುಕೊಂಡು ನೈಟಿಂಗೇಲ್ ಆ ವರ್ಷದ ನವೆಂಬರ್ ಮೊದಲ ವಾರದಲ್ಲಿ ಅಲ್ಲಿಗೆ ತಲುಪಿದರು. ಹಾಸಿಗೆಗಳ ಸಾಲನ್ನು ಒಂದರ ಮುಂದೊಂದು ಇಟ್ಟು ಅಳೆದರೆ ಸುಮಾರು ನಾಲ್ಕು ಮೈಲಿ. ಅಂದರೆ ಆರು ಕಿಲೋಮೀಟರಿಗಿಂತ ಹೆಚ್ಚು! ಕೆಳಗೆ ಕಟ್ಟಿಕೊಂಡ ಚರಂಡಿ, ಮೇಲೆ ಹೇನು, ಎಲ್ಲೆಲ್ಲೂ ಭೇದಿ.

ಅರಿವಳಿಕೆ ಎಂಬುದು ಆಗ ಹೊಸದು. 1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್, 1847ರಲ್ಲಿ ಎಡಿನ್‌ಬರೋದಲ್ಲಿ ಸಿಂಪ್ಸನ್ ಎಂಬ ವೈದ್ಯರಿಂದ ಕ್ಲೋರೋಫಾರಂ ಬಳಕೆಗೆ ಬಂದಿದ್ದವು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಹೆರಿಗೆಯಲ್ಲಿ ಕ್ಲೋರೋಫಾರಂ ಪಡೆದಿದ್ದಳು. ಆದರೂ ಯುದ್ಧಭೂಮಿಯ ಮುಖ್ಯ ವೈದ್ಯಾಧಿಕಾರಿ ಜಾನ್ ಹಾಲ್, ತೀವ್ರ ಗಾಯವಾದವರಿಗೆ ಅದನ್ನು ಕೊಡಬಾರದೆಂದು ಶಸ್ತ್ರವೈದ್ಯರನ್ನು ಎಚ್ಚರಿಸಿದ್ದರು. ಕತ್ತರಿಸುವ ನೋವು ಗಾಯಾಳುವಿನ ಜೀವವನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ಅವರ ತಿಳುವಳಿಕೆ. ಅನೇಕ ವೈದ್ಯರು ಈ ಮಾತನ್ನು ಕೇಳದೆ ಕ್ಲೋರೋಫಾರಂ ಬಳಸಿದರು ಎನ್ನುವುದು ಸಮಾಧಾನದ ಸಂಗತಿ. ನೋವು ಒಳ್ಳೆಯದು, ಸಹಿಸಿಕೊಳ್ಳಲಿ ಎಂಬ ನಂಬಿಕೆ ಎಷ್ಟು ದೊಡ್ಡವರ ತಲೆಯಲ್ಲೂ ಇರಬಹುದು ನೋಡಿ. ಇದೇ ನಂಬಿಕೆ ಮಕ್ಕಳ ವಿಷಯದಲ್ಲಿ ಇನ್ನೂ 130 ವರ್ಷ ಉಳಿಯಿತು. ಆ ಕಥೆ ಮುಂದೆ ಬರುತ್ತದೆ.

ಸ್ಕುಟರಿಯಲ್ಲಿ ಕೈಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆ ವಾರ್ಡಿನಲ್ಲೇ, ಇತರರ ಕಣ್ಣೆದುರೇ ನಡೆಯುತ್ತಿತ್ತು. ಮುಂದಿನ ಸರದಿಯವನು ಮಲಗಿದಲ್ಲಿಂದಲೇ ಎಲ್ಲ ನೋಡುತ್ತಿದ್ದ. ನೈಟಿಂಗೇಲ್ ಒಂದು ಪರದೆ ತರಿಸಿ ಅಡ್ಡ ನಿಲ್ಲಿಸಿದರು. ಒಂದು ಪರದೆಯಿಂದ ನೋವು ಕಡಿಮೆಯಾದೀತೇ? ಆಗುತ್ತದೆ. ನೋವು ಗಾಯದಲ್ಲಿ ಮಾತ್ರ ಹುಟ್ಟುವುದಿಲ್ಲ, ಹೆದರಿಕೆ ಅದನ್ನು ಹೆಚ್ಚಿಸುತ್ತದೆ. ಲಸಿಕೆಯ ಸಾಲಿನಲ್ಲಿ ನಿಂತಾಗ ಮುಂದಿನ ಹುಡುಗ ಕಿರುಚಿದರೆ ಸೂಜಿ ಮುಟ್ಟುವ ಮೊದಲೇ ನಿಮ್ಮ ತೋಳು ಬಿಗಿಯುವುದಿಲ್ಲವೇ?

1855ರ ಫೆಬ್ರವರಿಯಲ್ಲಿ ಅಲ್ಲಿ ದಾಖಲಾದ ಪ್ರತಿ 100 ಮಂದಿಯಲ್ಲಿ ಸುಮಾರು 42 ಮಂದಿ ಸಾಯುತ್ತಿದ್ದರು. ಜೂನ್ ಹೊತ್ತಿಗೆ ಅದು 2ಕ್ಕೆ ಇಳಿಯಿತು. ಇದೆಲ್ಲ ನೈಟಿಂಗೇಲರ ಶುಶ್ರೂಷೆಯಿಂದಲೇ ಆಯಿತೆಂದು ಹಲವು ಪುಸ್ತಕಗಳು ಬರೆಯುತ್ತವೆ, ಅದು ಪೂರ್ತಿ ಸರಿಯಲ್ಲ. ಮಾರ್ಚ್ ತಿಂಗಳಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿ ತೆಗೆಸಿ, ನೀರು ಶುದ್ಧ ಮಾಡಿಸಿ, ಗಾಳಿ ಬರುವಂತೆ ಮಾಡಿದ್ದು ಮುಖ್ಯ ಕಾರಣ. ಇದನ್ನು ಯುದ್ಧದ ನಂತರ ಲೆಕ್ಕ ಹಾಕಿ ಜಗತ್ತಿಗೆ ತೋರಿಸಿದವರು ಸ್ವತಃ ನೈಟಿಂಗೇಲರೇ. ಗಾಯಕ್ಕಿಂತ ರೋಗಕ್ಕೆ ಸತ್ತವರೇ ಬಹಳ ಎಂದು ತಿಳಿಸುವ ಬಣ್ಣದ ವೃತ್ತಚಿತ್ರವನ್ನು 1858ರಲ್ಲಿ ಪ್ರಕಟಿಸಿದರು. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು.

ಅಂದ ಹಾಗೆ, ಶಾಲೆಯ ನಾಟಕಗಳಲ್ಲಿ ಅವರ ಕೈಗೆ ಹಣತೆಯಂತಹ ದೀಪ ಕೊಡುತ್ತಾರೆ. ನಿಜವಾದ ದೀಪ ತುರ್ಕಿಯ ಮಡಚುವ ಲಾಟೀನು, ಒಳಗೆ ಮೇಣದಬತ್ತಿ.

ನಾಲ್ಕು ಗೋಡೆಯ ನಡುವೆ

1855ರ ಮೇ ತಿಂಗಳಲ್ಲಿ ನೈಟಿಂಗೇಲ್‌ಗೆ ಭಾರಿ ಜ್ವರ ಬಂತು. ಬದುಕಿದರು, ಆದರೆ ಆ ಜ್ವರ ಅವರನ್ನು ಪೂರ್ತಿ ಬಿಡಲೇ ಇಲ್ಲ. ಅದು ಬ್ರುಸೆಲ್ಲೋಸಿಸ್ ಎಂಬ ರೋಗವಿರಬೇಕೆಂದು ಇಂದಿನ ಹಲವು ಸಂಶೋಧಕರ ಅಭಿಪ್ರಾಯ. ಈ ರೋಗಾಣು ಆಡು, ಹಸುಗಳ ಹಸಿ ಹಾಲಿನಿಂದ ಬರುತ್ತದೆ. (ನಮ್ಮ ಕಡೆ ಆಡು ಸಾಕುವ ಮನೆಗಳು ಬಹಳ. ಹಾಲನ್ನು ಕುದಿಸದೆ ಕುಡಿಯಬೇಡಿ.) 1861ರಿಂದ ಬೆನ್ನುಹುರಿಯ ನೋವು ಹೆಚ್ಚಾಗಿ ಸುಮಾರು ಆರು ವರ್ಷ ಅವರು ನಡೆಯಲಾರದೆ ಹೋದರು. ಚರ್ಮದ ಕೆಳಗೆ ಸೂಜಿಯಿಂದ ಅಫೀಮಿನ ಮದ್ದು ಕೊಡುವ ಪದ್ಧತಿ ಆಗತಾನೇ ಬಂದಿತ್ತು, ಅದನ್ನೂ ಪಡೆದರು. ನೋವು ಕೆಲವು ಗಂಟೆ ತಗ್ಗುತ್ತಿತ್ತು, ಮತ್ತೆ ಮರಳುತ್ತಿತ್ತು. ಜಗತ್ತಿನ ಹೆಸರಾಂತ ದಾದಿ ತಾನೇ ರೋಗಿಯಾಗಿ ಹಾಸಿಗೆಯಲ್ಲಿದ್ದಳು!

ಆದರೆ ಕೆಲಸ ನಿಲ್ಲಲಿಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಅದೇ ಹೊತ್ತಿಗೆ ನೋಟ್ಸ್ ಆನ್ ನರ್ಸಿಂಗ್ ಎಂಬ ಅವರ ಸಣ್ಣ ಪುಸ್ತಕ ಹೊರಬಂದಿತ್ತು. ಅದರಲ್ಲಿ ರೋಗಿಯನ್ನು ಗಮನಿಸುವುದು ಹೇಗೆ ಎಂಬುದಕ್ಕೇ ಒಂದು ದೊಡ್ಡ ಅಧ್ಯಾಯವಿದೆ. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಿದರೆ ಏನೂ ತಿಳಿಯದು, ಎಷ್ಟು ಗಂಟೆ ಮಲಗಿದಿರಿ, ಯಾವಾಗ ಎಚ್ಚರವಾಯಿತು ಎಂದು ಕೇಳಿ ಎನ್ನುತ್ತಾರೆ. ಉತ್ತರವನ್ನು ನಾವೇ ರೋಗಿಯ ಬಾಯಿಗೆ ಇಡುವಂತಹ ಪ್ರಶ್ನೆ ಬೇಡವೆನ್ನುತ್ತಾರೆ. ಹಾಸಿಗೆಯ ಹಿಂದೆ ನಿಂತು ಮಾತಾಡಬೇಡಿ, ಎದುರು ಕುಳಿತುಕೊಳ್ಳಿ, ಇಲ್ಲವಾದರೆ ನೋವಿರುವವರು ಕುತ್ತಿಗೆ ತಿರುಗಿಸಬೇಕಾಗುತ್ತದೆ. ಬಾಗಿಲ ಹೊರಗೆ ಪಿಸುಗುಟ್ಟಬೇಡಿ. ಮುಂದೆ ಏನಾಗುವುದೋ ಎಂಬ ಕಾಯುವಿಕೆ ರೋಗಿಯನ್ನು ಶ್ರಮಕ್ಕಿಂತ ಹೆಚ್ಚು ದಣಿಸುತ್ತದೆ. ಬಹಳ ದಿನ ಮಲಗಿದವರಿಗೆ ಬಣ್ಣದ ಹೂವು, ಒಂದು ಸಣ್ಣ ಸಾಕುಪ್ರಾಣಿ ಒಳ್ಳೆಯ ಜೊತೆ. ಅವರ ಮನೆಯಲ್ಲೂ ಬೆಕ್ಕುಗಳ ಹಿಂಡೇ ಇತ್ತು.

1861ರಲ್ಲಿ ಇದೇ ಪುಸ್ತಕವನ್ನು ದುಡಿಯುವ ಬಡವರಿಗಾಗಿ ಕಡಿಮೆ ಬೆಲೆಯಲ್ಲಿ ಪ್ರಕಟಿಸಿ, ಹೊಸದೊಂದು ಅಧ್ಯಾಯ ಸೇರಿಸಿದರು. ಅದನ್ನು ಯಾರಿಗಾಗಿ ಬರೆದರು ಗೊತ್ತೇ? ತಾಯಿ ಕೆಲಸಕ್ಕೆ ಹೋದಾಗ ಮನೆಯಲ್ಲಿ ಕೂಸನ್ನು ಎತ್ತಿಕೊಂಡಿರುವ ಹುಡುಗಿಯರಿಗಾಗಿ. ಅಂದರೆ ನಿಮ್ಮಂಥವರಿಗಾಗಿ! ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಶಾಲೆಗಳ ಎಷ್ಟು ಹುಡುಗಿಯರು ತಮ್ಮ ತಂಗಿಯರನ್ನು ಸೊಂಟದ ಮೇಲೆ ಕೂರಿಸಿಕೊಂಡಿರುತ್ತಾರೆ ಎಂಬುದು ನಿಮ್ಮ ಹಾಜರಿ ಪುಸ್ತಕಕ್ಕೆ ಗೊತ್ತು. ಆ ಹುಡುಗಿಯರಿಗೆ ನೈಟಿಂಗೇಲ್ ಹೇಳಿದ್ದು ಇಷ್ಟು. ದೊಡ್ಡವರಿಗೆ ತೊಂದರೆ ಕೊಡುವುದೆಲ್ಲ ಕೂಸಿಗೂ ತೊಂದರೆ ಕೊಡುತ್ತದೆ, ಆದರೆ ಬಹಳ ಬೇಗ, ಬಹಳ ಜೋರಾಗಿ. ಗಾಳಿ ಬೆಳಕು ಇರಲಿ, ಮೈ ಬೆಚ್ಚಗಿರಲಿ, ಚೊಕ್ಕಟವಾಗಿರಲಿ, ಬಟ್ಟೆ ಬಿಗಿಯದಿರಲಿ, ಹೊತ್ತಿಗೆ ಸರಿಯಾಗಿ ಆಹಾರ ಕೊಡಿ, ಫಕ್ಕನೆ ಸದ್ದು ಮಾಡಿ ಬೆಚ್ಚಿಬೀಳಿಸಬೇಡಿ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಮಕ್ಕಳ ನೋವಿಗೆ ನೈಟಿಂಗೇಲ್ ಯಾವ ಅಳತೆಯನ್ನೂ ಕಂಡುಹಿಡಿಯಲಿಲ್ಲ. ರೋಗಾಣುಗಳ ಸಿದ್ಧಾಂತವನ್ನೂ ಅವರು ಬಹಳ ಕಾಲ ಒಪ್ಪಲಿಲ್ಲ. ಅವರು ಕೊಟ್ಟದ್ದು ಗಮನಿಸುವ ಕಣ್ಣು ಮತ್ತು ಬರೆದಿಡುವ ಕೈ. ಉಳಿದದ್ದನ್ನು ಅವರ ನಂತರದ ದಾದಿಯರು ಕಟ್ಟಿದರು.

ನಮ್ಮ ಸೀಮೆಗೂ ಅವರಿಗೂ

ನೈಟಿಂಗೇಲ್ ವೃತ್ತಚಿತ್ರ ಪ್ರಕಟಿಸಿದ 1858ನೇ ಇಸವಿಯನ್ನು ಸುರಪುರ, ವನದುರ್ಗದ ಮಕ್ಕಳು ಬೇರೆ ಕಾರಣಕ್ಕೆ ನೆನಪಿಡುತ್ತಾರೆ. ಆ ವರ್ಷದ ಫೆಬ್ರವರಿಯಲ್ಲೇ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಹೋರಾಡಿದ್ದು. ಆಮೇಲೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು. ಮರುವರ್ಷ, 1859ರಲ್ಲಿ, ಭಾರತದ ಸೇನಾ ಶಿಬಿರಗಳ ಆರೋಗ್ಯ ಪರೀಕ್ಷಿಸಲು ಲಂಡನ್ನಿನಲ್ಲಿ ಒಂದು ಆಯೋಗ ನೇಮಕವಾಯಿತು. ಹಾಸಿಗೆಯಲ್ಲಿದ್ದ ನೈಟಿಂಗೇಲ್ ಪ್ರಶ್ನೆಗಳ ಪಟ್ಟಿ ತಯಾರಿಸಿ ಕಳಿಸಿದರು. ಸಿಕಂದರಾಬಾದ್, ಬೆಂಗಳೂರು, ಬಳ್ಳಾರಿ ಹೀಗೆ ಎಲ್ಲ ಕಡೆಯಿಂದ ಉತ್ತರದ ಕಟ್ಟುಗಳು ಬಂದವು. ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 1000ಕ್ಕೆ 69 ಮಂದಿ ಸಾಯುತ್ತಿದ್ದರೆಂದು ಲೆಕ್ಕ ತೋರಿಸಿತು. ನೀರು, ಚರಂಡಿ ಸುಧಾರಿಸಿದ ಮೇಲೆ ಅದು 18ಕ್ಕೆ ಇಳಿಯಿತು. ಅವರು ಒಮ್ಮೆಯೂ ಭಾರತಕ್ಕೆ ಬರಲಿಲ್ಲ, ಆದರೂ 40 ವರ್ಷ ಭಾರತದ ಬಗ್ಗೆ ಬರೆದರು. 1876ರಿಂದ 78ರವರೆಗಿನ ಭೀಕರ ಬರಗಾಲದಲ್ಲಿ, ನಮ್ಮ ಹಿರಿಯರು ಧಾತು ಬರ ಎನ್ನುತ್ತಿದ್ದರಲ್ಲ ಅದೇ ಬರ, ಕಾಲುವೆ ತೋಡಿಸಿ ನೀರು ಕೊಡಿ ಎಂದು ಸರ್ಕಾರವನ್ನು ಕಾಡಿದರು. ನಾರಾಯಣಪುರ ಎಡದಂಡೆ ಕಾಲುವೆ ನಮ್ಮ ಹೊಲಗಳಿಗೆ ಬಂದದ್ದು ಇದಾಗಿ ನೂರು ವರ್ಷದ ಮೇಲೆ.

ನಿಜಾಮರ ರಾಜಧಾನಿಯಲ್ಲಿ ನೋವಿನ ವಿಜ್ಞಾನದ ಒಂದು ಅಧ್ಯಾಯವೇ ನಡೆಯಿತು. 1888 ಮತ್ತು 1889ರಲ್ಲಿ ವೈದ್ಯ ಎಡ್ವರ್ಡ್ ಲಾರಿ ಅವರು ಹೈದರಾಬಾದಿನಲ್ಲಿ ಕ್ಲೋರೋಫಾರಂ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸುವ ಆಯೋಗ ನಡೆಸಿದರು. ಖರ್ಚು ಕೊಟ್ಟವರು ನಿಜಾಮರು. ಆಯೋಗದ ತೀರ್ಮಾನ ಮುಂದೆ ಪೂರ್ತಿ ನಿಲ್ಲಲಿಲ್ಲ, ಕ್ಲೋರೋಫಾರಂ ಹೃದಯಕ್ಕೂ ಅಪಾಯ ಎಂದು 1911ರ ಹೊತ್ತಿಗೆ ತಿಳಿಯಿತು. ಆದರೆ ಆ ಕಾಲದಲ್ಲೇ ಅಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಮಹಿಳಾ ವೈದ್ಯೆ ಅರಿವಳಿಕೆ ಕೊಡುವ ಕೆಲಸದಲ್ಲಿದ್ದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರ ಹೆಸರೂ ಇದೆ. ನಮ್ಮದೇ ಸಂಸ್ಥಾನದವರು!

ಬಿದ್ದಾಗ ಮೊಣಕಾಲು ಉಜ್ಜುವುದೇಕೆ?

ವನದುರ್ಗದ ಕೋಟೆಯ ಕಲ್ಲುಗಳ ಮೇಲೆ ಓಡುವಾಗ ಕಾಲು ಎಡವಿತು ಎನ್ನಿ. ಮೊದಲು ಚುರ್ ಎನ್ನುತ್ತದೆ, ಒಂದು ಕ್ಷಣ ಬಿಟ್ಟು ಮಂದವಾದ ನೋವು ಹರಡುತ್ತದೆ. ಏಕೆಂದರೆ ನೋವಿನ ಸುದ್ದಿ ಎರಡು ಬಗೆಯ ನರತಂತುಗಳಲ್ಲಿ ಹೋಗುತ್ತದೆ. ಒಂದು ಸೆಕೆಂಡಿಗೆ 5ರಿಂದ 30 ಮೀಟರ್ ಓಡುವ ತಂತು, ಇನ್ನೊಂದು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು ನಡೆಯುವ ತಂತು. ಎರಡೂ ಬೆನ್ನುಹುರಿಗೆ ಬಂದು ಅಲ್ಲಿಂದ ಮಿದುಳಿಗೆ ಏರುತ್ತವೆ. ನೀವು ತಕ್ಷಣ ಆ ಜಾಗವನ್ನು ಉಜ್ಜುತ್ತೀರಿ. ಉಜ್ಜಿದಾಗ ಸ್ಪರ್ಶದ ಸುದ್ದಿ ಇನ್ನೂ ವೇಗದ ತಂತುಗಳಲ್ಲಿ ಬೆನ್ನುಹುರಿಗೆ ಬರುತ್ತದೆ, ಜಾತ್ರೆಯ ಬಾಗಿಲಿನ ನೂಕುನುಗ್ಗಲಿನಂತೆ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ. 1965ರಲ್ಲಿ ಮೆಲ್‌ಝ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಇದನ್ನು ದ್ವಾರ ಸಿದ್ಧಾಂತ ಎಂದು ವಿವರಿಸಿದರು. ಹೆದರಿಕೆ ಆ ಬಾಗಿಲನ್ನು ತೆರೆಯುತ್ತದೆ, ಅವ್ವನ ತೊಡೆ ಅದನ್ನು ಅರ್ಧ ಮುಚ್ಚುತ್ತದೆ.

ಈಗ ಹಿಂದೆ ಬಾಕಿ ಇಟ್ಟ ಮಾತು. ನವಜಾತ ಶಿಶುಗಳ ನರಮಂಡಲ ಇನ್ನೂ ಬೆಳೆದಿರುವುದಿಲ್ಲ, ಅವಕ್ಕೆ ನೋವು ಸರಿಯಾಗಿ ತಿಳಿಯದು ಎಂದು 1980ರ ದಶಕದವರೆಗೂ ಅನೇಕ ವೈದ್ಯರು ನಂಬಿದ್ದರು. ಬಹಳ ಕಡಿಮೆ ನೋವುಮದ್ದಿನಲ್ಲೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದುದೂ ಉಂಟು. ಭಾರತದಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡ್‌ಗೆ ಹೋದ ಕನ್ವಲ್‌ಜೀತ್ ಆನಂದ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವಧಿಗೆ ಮುಂಚೆ ಹುಟ್ಟಿ ಹೃದಯದ ಬಳಿ ಶಸ್ತ್ರಚಿಕಿತ್ಸೆಯಾಗಬೇಕಿದ್ದ ಕೂಸುಗಳಲ್ಲಿ, ಬಲವಾದ ನೋವುಮದ್ದು ಪಡೆದವುಗಳ ದೇಹಕ್ಕೆ ಆಘಾತ ಕಡಿಮೆಯಾಗಿತ್ತು, ತೊಡಕುಗಳೂ ಕಡಿಮೆಯಾಗಿದ್ದವು. ಆಮೇಲೆ ವೈದ್ಯಲೋಕದ ಪದ್ಧತಿ ಬದಲಾಯಿತು.

ನಮ್ಮ ಕಡೆ ಕೆಲವು ಮನೆಗಳಲ್ಲಿ ಕೂಸಿಗೆ ಹೊಟ್ಟೆ ಉಬ್ಬಿದರೆ, ಕಾಮಾಲೆಯಾದರೆ ಚುಟಿಗೆ ಹಾಕಿಸುತ್ತಾರೆ, ಅಂದರೆ ಕಾಸಿದ ಕಡ್ಡಿಯಿಂದ ಬರೆ ಎಳೆಯುತ್ತಾರೆ. ಕೂಸಿಗೆ ಅಷ್ಟೇನೂ ತಿಳಿಯದು ಎಂಬ ಮಾತನ್ನು ನಾನೂ ಕೇಳಿದ್ದೇನೆ. ತಿಳಿಯುತ್ತದೆ ಮಕ್ಕಳೇ, ನಮಗಿಂತ ಹೆಚ್ಚೇ ತಿಳಿಯುತ್ತದೆ. ಬರೆಯಿಂದ ಕಾಮಾಲೆ ಹೋಗುವುದಿಲ್ಲ, ಸುಟ್ಟಗಾಯ ಮತ್ತು ನಂಜು ಹೊಸದಾಗಿ ಸೇರುತ್ತವೆ. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತೆತ್ತಿದರೆ ಆಶಾ ಕಾರ್ಯಕರ್ತೆಗೋ ನಿಮ್ಮ ಗುರುಗಳಿಗೋ ತಿಳಿಸಿ.

ನೋವಿಗೆ ಅಂಕ

ನೈಟಿಂಗೇಲ್ ಹೇಳಿದ ಗಮನಿಸುವಿಕೆಗೆ ಇಂದು ಅಂಕಗಳಿವೆ. ಮೂರು ವರ್ಷ ದಾಟಿದ ಮಗುವಿಗೆ ದಾದಿ ಆರು ಮುಖಗಳ ಚಿತ್ರ ತೋರಿಸುತ್ತಾರೆ. ಮೊದಲನೆಯದು ನಗುಮುಖ, ಅದಕ್ಕೆ 0. ಕೊನೆಯದು ಅಳುಮುಖ, ಅದಕ್ಕೆ 10. ಮಗು ತನ್ನ ನೋವಿಗೆ ಹೊಂದುವ ಮುಖದ ಮೇಲೆ ಬೆರಳಿಡುತ್ತದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಒಕ್ಲಹಾಮಾ ರಾಜ್ಯದಲ್ಲಿ ಡೊನಾ ವಾಂಗ್ ಎಂಬ ದಾದಿ ಮತ್ತು ಸುಟ್ಟಗಾಯದ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದ ಕಾನಿ ಬೇಕರ್ ಸೇರಿ ಇದನ್ನು ರೂಪಿಸಿದರು. ಮುಖಗಳನ್ನು ಬರೆಯಲು ಅವರು ಮಕ್ಕಳಿಗೇ ಹೇಳಿದ್ದರು!

ಇನ್ನೂ ಸಣ್ಣ ಕೂಸಿಗೆ? 1997ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಳತೆಯೊಂದಿದೆ. ಐದು ಸಂಗತಿ ನೋಡಬೇಕು: ಮುಖ, ಕಾಲು, ಮೈಯ ಚಲನೆ, ಅಳು, ಸಂತೈಸಿದರೆ ಸುಮ್ಮನಾಗುವುದೇ ಎಂಬುದು. ಒಂದೊಂದಕ್ಕೂ 0, 1 ಅಥವಾ 2 ಅಂಕ. ಒಂದು ಲೆಕ್ಕ ಮಾಡೋಣ. ಕೂಸಿನ ಗಲ್ಲ ನಡುಗುತ್ತಲೇ ಇದೆ, 2. ಕಾಲನ್ನು ಹೊಟ್ಟೆಗೆ ಎಳೆದುಕೊಂಡಿದೆ, 2. ಹೊರಳಾಡುತ್ತಿದೆ, 1. ನಡುನಡುವೆ ಕುಂಯ್‌ಗುಟ್ಟುತ್ತಿದೆ, 1. ಎತ್ತಿಕೊಂಡರೆ ಸ್ವಲ್ಪ ಸುಮ್ಮನಾಗುತ್ತದೆ, 1. ಒಟ್ಟು 7, ಅಂದರೆ ತೀವ್ರ ನೋವು. ಮದ್ದು ಕೊಟ್ಟ ಮೇಲೆ ದಾದಿ ಸುಮ್ಮನೆ ಹೋಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂಕ ಹಾಕುತ್ತಾರೆ. 7 ಇದ್ದದ್ದು 3ಕ್ಕೆ ಇಳಿಯಿತೇ? ಇಳಿಯದಿದ್ದರೆ ವೈದ್ಯರನ್ನು ಕರೆಯುತ್ತಾರೆ.

ಒಂದು ಎಚ್ಚರಿಕೆ. ಸುಮ್ಮನಿರುವ ಮಗುವಿಗೆ ನೋವಿಲ್ಲ ಎಂದುಕೊಳ್ಳಬೇಡಿ. ನಮ್ಮ ಕಲ್ಲುಭೂಮಿಯಲ್ಲಿ ಚೇಳು ಹೆಚ್ಚು. ಚೇಳು ಕಚ್ಚಿದ ಮಗು ಅಳು ನಿಲ್ಲಿಸಿ, ಮೈ ಬೆವರಿ, ಕೈಕಾಲು ತಣ್ಣಗಾದರೆ ಅದು ವಾಸಿಯಾದ ಗುರುತಲ್ಲ, ಅಪಾಯದ ಗುರುತು. ಮಂತ್ರ ಹಾಕಿಸುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು.

ದೊಡ್ಡ ಮಕ್ಕಳಿಗೆ ಮಾತೇ ಅಳತೆಗೋಲು. ವನದುರ್ಗದ ಶಾಲೆಯೊಂದರಲ್ಲಿ ಐದನೆಯ ತರಗತಿಯವರಿಗೆ ನೋವಿಗೆ ಎಷ್ಟು ಪದ ಹೇಳುತ್ತೀರಿ ಎಂದು ಕೇಳಿದೆ. ಕರಿಹಲಗೆ ತುಂಬಿತು. ಚುಚ್ಚುವುದು, ಹಿಂಡುವುದು, ಸೆಳೆತ, ಸಿಡಿತ, ಉರಿ, ಕಡಿತ, ಜುಮುಜುಮು. ಉರಿ ಎಂದರೆ ಒಂದು ಕಾರಣ, ಹಿಂಡುವುದು ಎಂದರೆ ಇನ್ನೊಂದು. ಆದರೆ ಆಸ್ಪತ್ರೆಯಲ್ಲಿ ನಾವು ಎಲ್ಲಕ್ಕೂ ಬ್ಯಾನಿ ಎಂಬ ಒಂದೇ ಪದ ಹೇಳಿ ಸುಮ್ಮನಾಗುತ್ತೇವೆ. ಸಿಸ್ಟರ್ ಕೇಳಿದಾಗ ನಿಮ್ಮ ಕರಿಹಲಗೆಯ ಪದವನ್ನೇ ಹೇಳಿ, ಅವರಿಗೆ ಅದೇ ಬೇಕು.

ಮದ್ದಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಕ್ಕಳಿಗೆ ಪ್ಯಾರಾಸಿಟಮಾಲ್ ಕೊಡುವುದು ವಯಸ್ಸಿನ ಅಂದಾಜಿನಿಂದಲ್ಲ, ತೂಕದ ಲೆಕ್ಕದಿಂದ. ಅದಕ್ಕೇ ಸಿಸ್ಟರ್ ಮೊದಲು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ದೊಡ್ಡವರ ಆಸ್ಪಿರಿನ್ ಗುಳಿಗೆ ಮಕ್ಕಳಿಗೆ ಬೇಡ. ಕ್ಯಾನ್ಸರಿನಂತಹ ರೋಗದ ಕಡುನೋವಿಗೆ ವೈದ್ಯರು ಮಾರ್ಫಿನ್ ಕೊಡುತ್ತಾರೆ, ನೈಟಿಂಗೇಲ್ ಪಡೆದ ಅಫೀಮಿನಿಂದಲೇ ಬರುವ ಮದ್ದು ಅದು. ಅದು ಆಸ್ಪತ್ರೆಗಳಿಗೆ ಸುಲಭವಾಗಿ ಸಿಗಲೆಂದು ನಮ್ಮ ದೇಶದ ಕಾನೂನನ್ನು 2014ರಲ್ಲಿ ತಿದ್ದಲಾಯಿತು. ಮದ್ದಿಲ್ಲದ ಉಪಾಯಗಳೂ ಉಂಟು. ರೊಟ್ಟಿಯ ಹೆಂಚು ತಾಗಿ ಕೈ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ, ಟೂತ್‌ಪೇಸ್ಟ್, ಶಾಯಿ ಹಚ್ಚಬೇಡಿ. ಲಸಿಕೆ ಹಾಕುವಾಗ ಕೂಸು ತಾಯಿಯ ತೊಡೆಯ ಮೇಲಿರಲಿ, ಎದೆಹಾಲು ಕುಡಿಯುತ್ತಿರಲಿ, ಹೆಚ್ಚು ನೋಯುವ ಲಸಿಕೆಯನ್ನು ಕೊನೆಗೆ ಹಾಕಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಕೊಟ್ಟಿದೆ. ದೊಡ್ಡ ಮಗುವಿಗೆ ನೋಯುವುದೇ ಇಲ್ಲ ಎಂದು ಸುಳ್ಳು ಹೇಳಬಾರದು. ಒಮ್ಮೆ ಮೋಸಹೋದ ಮಗು ಮುಂದಿನ ಸಲ ಬಾಗಿಲಿನಿಂದಲೇ ಅಳುತ್ತದೆ.

ಕೊನೆಯ ವರ್ಷಗಳು

ನಡುವಯಸ್ಸು ದಾಟಿದ ಮೇಲೆ ನೈಟಿಂಗೇಲರ ಬೆನ್ನುನೋವು ತಗ್ಗಿತು. ತಮ್ಮ ಶಾಲೆಯಲ್ಲಿ ಕಲಿತ ದಾದಿಯರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕರೆದು ಮಾತಾಡಿಸುತ್ತಿದ್ದರು. 1890ರಲ್ಲಿ ಎಡಿಸನ್ನನ ಧ್ವನಿಮುದ್ರಣ ಯಂತ್ರದಲ್ಲಿ ಅವರ ದನಿ ಹಿಡಿದಿಟ್ಟರು, ಅದು ಇಂದಿಗೂ ಉಳಿದಿದೆ. 1901ರ ಹೊತ್ತಿಗೆ ಕಣ್ಣು ಪೂರ್ತಿ ಹೋಯಿತು. ಜೀವನವಿಡೀ ಇತರರ ಮುಖ ನೋಡಿ ಎಂದು ಕಲಿಸಿದವರು ಕೊನೆಯ ಒಂಬತ್ತು ವರ್ಷ ಯಾರ ಮುಖವನ್ನೂ ಕಾಣಲಿಲ್ಲ. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು ನಿದ್ದೆಯಲ್ಲೇ ತೀರಿಕೊಂಡರು, ಆಗ ಅವರಿಗೆ 90 ವರ್ಷ.

ಅವರ ಹುಟ್ಟಿದ ದಿನವಾದ ಮೇ 12 ಈಗ ವಿಶ್ವ ದಾದಿಯರ ದಿನ. ನಮ್ಮ ಕೇಂದ್ರ ಸರ್ಕಾರ 1973ರಿಂದ ಉತ್ತಮ ಶುಶ್ರೂಷಕಿಯರಿಗೆ ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಕೊಡುತ್ತಿದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ರಾಜರಾಣಿಯರ ಸಾಲಿನಲ್ಲಿ ಸಮಾಧಿಗೆ ಜಾಗ ಕೊಡುವುದಾಗಿ ಸರ್ಕಾರ ಹೇಳಿತ್ತು. ಮನೆಯವರು ಅವರ ಇಚ್ಛೆಯಂತೆ ಹಳ್ಳಿಯ ಚರ್ಚಿನ ಅಂಗಳದಲ್ಲಿ, ತಂದೆತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವರ ಪೂರ್ತಿ ಹೆಸರಿಲ್ಲ. ಹೆಸರಿನ ಎರಡು ಮೊದಲಕ್ಷರ, ಹುಟ್ಟಿದ ದಿನಾಂಕ, ಸತ್ತ ದಿನಾಂಕ, ಅಷ್ಟೇ ಇದೆ.